ಹಾಲಿನ ಕ್ಯಾನು ಹಿಡಿದು ನಡೆದ ದಿನಗಳು

ಲಕ್ವ ಹೊಡೆದು ಹೆಂಡತಿಯ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಅವಳನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಒಯ್ಯುವುದು ನನ್ನ ಕೆಲಸ. ಹಡಗಲಿಯ ಈ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಒಂದು ಬೆಳಿಗ್ಗೆ ಎತ್ತುವಾಗ ಸೊಂಟ ಹಿಡಿದು, ಅವಳ ಜೊತೆಗೇ ಮಂಚದ ಮೇಲೆ ಕುಸಿದೆ. ಫ್ಯಾನು ನೋಡುತ್ತ ಇಬ್ಬರೂ ಬಿದ್ದುಕೊಂಡಿದ್ದೆವು.

"ನೀವೂ ಹಿಂಗ ಬಿದ್ರ ನನ್ನ ಎತ್ತೋರು ಯಾರ್ರಿ?" ಎಂದಳು.

ನಕ್ಕು ಕೇಳಿದಳೋ ಅಳುತ್ತ ಕೇಳಿದಳೋ, ಈಗ ಖಾತ್ರಿಯಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರಿಂದ ಆಗಲೂ ಗೊತ್ತಾಗಿರಲಿಕ್ಕಿಲ್ಲ.

ದಿನಾ ನಡೆಯಿರಿ, ಬೆನ್ನಿಗೆ ವ್ಯಾಯಾಮ ಕೊಡಿ, ಮನಸ್ಸೂ ಹಗುರಾಗುತ್ತದೆ ಎಂದರು ಡಾಕ್ಟರು. ಕಾಲಿಗೂ ಮನಸ್ಸಿಗೂ ಎಲ್ಲಿಯ ಸಂಬಂಧ ಎಂದು ವಾದಿಸಬೇಕೆನಿಸಿತು. ನೋವು ವಾದಿಸಲು ಬಿಡಲಿಲ್ಲ.

ಆದರೆ ಮನೆಯೊಳಗೆ ಒಬ್ಬರು ಹಾಸಿಗೆ ಹಿಡಿದಿರುವಾಗ ಇನ್ನೊಬ್ಬರು ಕೈ ಬೀಸಿಕೊಂಡು ವಾಕಿಂಗ್ ಹೋಗುವುದು ನಮ್ಮ ಓಣಿಯಲ್ಲಿ ಇಲ್ಲ. ಔಷಧಿಗೆ ಹೋಗಬಹುದು, ಹಾಲಿಗೆ ಹೋಗಬಹುದು. ಅದಕ್ಕೇ ಹಾಲಿನ ಕ್ಯಾನು ಹಿಡಿದು ಹೊರಟೆ. ಎದುರುಮನೆಯ ಅಜ್ಜಿ ಬಂದು ಹೆಂಡತಿಯ ಹತ್ತಿರ ಕೂರುತ್ತಿದ್ದಳು. ಮಾಗಳ ಹಳ್ಳಿಗೆ ಹೋಗುವ ರಸ್ತೆಯಲ್ಲಿ ಮಲ್ಲಿಗೆ ತೋಟ ದಾಟುವವರೆಗೆ ನಡೆದು, ತಿರುಗಿ ಬರುವಾಗ ಹಾಲು ಹಾಕಿಸಿಕೊಳ್ಳುತ್ತಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ ಅವಳ ಆರೋಗ್ಯ ವಿಚಾರಿಸುತ್ತಿದ್ದರು. ನನ್ನದನ್ನು ಕೇಳಿದವರು ನೆನಪಿಗೆ ಬರುವುದಿಲ್ಲ. ಯಾರೋ ಕೇಳಿರಬಹುದು, ನಾನೇ ಮರೆತಿರಬಹುದು.

ಒಂದು ದಿನ ತಡವಾಗಿ ಬಂದಾಗ ಅಜ್ಜಿ ಬಾಗಿಲಲ್ಲೇ ಹಿಡಿದಳು.

"ಏನ್ರಿ ಮೇಷ್ಟ್ರ, ಹಾಲು ತರಾಕ ಇಷ್ಟೊತ್ತು? ಎಮ್ಮಿ ಮಾಗಳದಾಗ ಐತೇನು?"

ಒಳಗಿನಿಂದ ಹೆಂಡತಿ ಅಂದಳು: "ಎಮ್ಮಿ ಹಿಂದ ಅಡ್ಡಾಡ್ಲಿ ಬಿಡಜ್ಜಿ, ಸೊಂಟ ಗಟ್ಟಿ ಆಗ್ತೈತಿ. ಏನ್ರಿ, ನಾಳಿಂದ ಕ್ಯಾನು ಇಲ್ಲೇ ಇಟ್ಟು ಹೋಗ್ರಿ. ನಾನ ಅಡ್ಡಾಡಾಕ ಕಳಿಸೀನಿ ಅಂತ ಈ ಅಜ್ಜಿ ಓಣಿಗೆಲ್ಲ ಹೇಳ್ತಾಳ."

"ನಾನ್ಯಾಕ ಹೇಳ್ಲೆವ್ವಾ?"

"ಬ್ಯಾಡ ಅಂದ್ರ ಬಿಡ್ತೀ ಏನು?"

ಅಜ್ಜಿ ಸಂಜೆಯೊಳಗೆ ಹೇಳಿ ಮುಗಿಸಿದ್ದಳು.

ಮರುದಿನ ಬರಿಗೈಯಲ್ಲಿ ಹೊರಟಾಗ ಕೈಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ರಸ್ತೆಯಲ್ಲಿ ನನ್ನ ಹೆಜ್ಜೆಯ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಇದೇ ರಸ್ತೆಯಲ್ಲಿ ಅವಳು ನನ್ನ ಪಕ್ಕದಲ್ಲಿ ನಡೆದಿದ್ದು ನೆನಪಾಯಿತು. ಬಂದು ಅದನ್ನು ಹೇಳಿದೆ.

"ಪಕ್ಕ ಎಲ್ಲಿ ನಡದೀನ್ರಿ? ನೀವು ಯಾವಾಗ್ಲೂ ಮುಂದ, ನಾನು ಹಿಂದ."

ಅವಳದು ಸರಿಯಿರಬೇಕು. ನನಗೆ ಕಾಣುವುದು ಮಾತ್ರ ಈಗಲೂ ಪಕ್ಕದಲ್ಲೇ.

ಮಂಡಿ ಬಾಗಿಸಿ, ಎದೆಗೆ ಆನಿಸಿಕೊಂಡು ಅವಳನ್ನು ಎತ್ತಿದೆ. ಸೊಂಟ ತಡೆದುಕೊಂಡಿತು. ಮನಸ್ಸು ಹಗುರಾಗಿತ್ತೋ ಇಲ್ಲವೋ ಹೇಳಲಾರೆ. ಕುರ್ಚಿಯಲ್ಲಿ ಕೂರಿಸಿದ ಮೇಲೂ ಅವಳ ಬಲಗೈ ನನ್ನ ಕೊರಳು ಬಿಡಲಿಲ್ಲ.

"ಮಲ್ಲಿಗಿ ತ್ವಾಟದಾಗ ಮೊಗ್ಗು ಬಿಡಿಸಾಕತ್ತಿದ್ರೇನು?" ಎಂದು ಕೇಳಿದಳು.

ನಾನು ನೋಡಿರಲಿಲ್ಲ. ನಾಳೆ ನೋಡಿಕೊಂಡು ಬರುತ್ತೇನೆ ಎಂದೆ.