ಅಳತೆ ಚಾಚಾ ಕಲ್ಲಿನ ಮೇಲೆ ಬರೆದ ಇಂಗ್ಲಿಷು

೧೯೯೪ರಲ್ಲಿ, ಹತ್ತನೇ ಇಯತ್ತೆ ಅರ್ಧಕ್ಕೆ ಸಾಲಿ ಬಿಟ್ಟೆ. ಅದಕ್ಕೆ ನಾ ನಾಚಿಕೊಂಡವನಲ್ಲ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಹೊತ್ತು, ಕಡೆಗೆ ಪಾಲಿಶ್ ಯಂತ್ರಕ್ಕೆ ನಿಂತೆ. ಮೊನ್ನೆ ಬಾಗಲಕೋಟೆಯಲ್ಲಿ ಮಗಳಿಗೆ ಮೇಣದ ಬಣ್ಣದ ಕಡ್ಡಿ ಕೊಳ್ಳುವಾಗ ಡಬ್ಬಿ ತೆರೆದೆ... ಆ ವಾಸನೆಗೆ ಅಳತೆ ಚಾಚಾ ಎದುರಿಗೆ ಬಂದು ನಿಂತಂಗಾತು.

ಕಲ್ಲಿನ ಹಲಗೆ ಅಳೆದು, ಉದ್ದ ಅಗಲವನ್ನು ಮೇಣದ ಕಡ್ಡಿಯಿಂದ ಅದರ ಮೇಲೇ ಬರೆಯುವುದು ಅವರ ಕೆಲಸ. ಊಟದ ಬಿಡುವಿನಲ್ಲಿ ಮಂದಿ ಇಸ್ಪೀಟು ಆಡಿದರೆ ಅವರು ಹಳೇ ಇಂಗ್ಲಿಷ್ ಡಿಕ್ಷನರಿ ಓದೋರು. ನನ್ನ ಆಸೆ ಅವರೊಬ್ಬರಿಗೇ ಗೊತ್ತಿತ್ತು. ಹೊರದೇಶದ ವ್ಯಾಪಾರಿಗಳಿಗೆ ಮಾಲು ತೋರಿಸುವ ಕೆಲಸ ನನಗೆ ಬೇಕಿತ್ತು. ಮಾಲಕರು ಮಾತ್ರ ಡಿಗ್ರಿ ಆದವರನ್ನೇ ಇಟ್ಟುಕೊಳ್ಳೋರು.

ಚಾಚಾ ದಿನಾ ಒಂದು ಹಲಗೆಯ ಮೇಲೆ, ಅಳತೆಯ ಪಕ್ಕಕ್ಕೆ, ದೊಡ್ಡದೊಂದು ಇಂಗ್ಲಿಷ್ ಶಬ್ದ ಬರೆಯೋರು. ಕೆಳಗೆ ಕನ್ನಡದಲ್ಲಿ ಅರ್ಥ. ಎ ಇಂದ ಸಾಲಾಗಿ. ಅದು ನನ್ನ ಯಂತ್ರಕ್ಕೆ ಬರುತ್ತಿತ್ತು. ನೀರು ಬಿಟ್ಟು ನಾಲ್ಕು ಸುತ್ತು ತಿಕ್ಕಿದರೆ ಮುಗೀತು, ಅಕ್ಷರವೇ ಇಲ್ಲ.

“ಈಗ ಅದು ನಿನ್ನ ತಲ್ಯಾಗಿರಬೇಕು, ಇಲ್ಲಾ ಗಟಾರದಾಗ. ಎಲ್ಲದ, ಹೇಳಲೇ!” ಅನ್ನೋರು ಚಾಚಾ.

ತಪ್ಪಿದರೆ ಚಹಾ ನಂದು. ಮೊದಲ ವರ್ಷ ಎಷ್ಟು ಚಹಾ ಕುಡಿಸಿದೆನೋ...

ಒಂದಿನ ವ್ಯಾಪಾರಿ ಬಂದಾಗ ಡಿಗ್ರಿಯವ ರಜೆಯಲ್ಲಿದ್ದ. ನಾ ಮುಂದೆ ಹೋದೆ. ಕೆಂಪು ಹಲಗೆ ತೋರಿಸಿ ‘ಇಂಪೆಕಬಲ್’ ಎಂದೆ, ಎಳ್ಳಷ್ಟೂ ದೋಷವಿಲ್ಲ ಅಂತ. ಆತ ಪಕ್ಕದ ಹಲಗೆಯ ಸಣ್ಣ ಬಿರುಕಿನ ಮೇಲೆ ಬೆರಳಿಟ್ಟ. ಮಾಲಕರು ನನ್ನ ಕಡೆ ಕಣ್ಣು ಬಿಟ್ಟರು. ಬಿರುಕು ಮುಚ್ಚಿಟ್ಟರೆ ಸುಳ್ಳು, ಒಪ್ಪಿದರೆ ನೌಕರಿಗೇ ಸಂಚಕಾರ.

‘ಇಂಪರ್ಸೆಪ್ಟಿಬಲ್, ಬಟ್ ಇರಿವರ್ಸಿಬಲ್’ ಅಂದುಬಿಟ್ಟೆ. ಕಣ್ಣಿಗೆ ಬೀಳದಷ್ಟು ಸಣ್ಣದು ಖರೆ, ಆದರೆ ಇನ್ನು ಕೂಡುವುದಲ್ಲ. ಆತ ಜೋರಾಗಿ ನಕ್ಕು, ಅದೊಂದನ್ನು ಬಿಟ್ಟು ಉಳಿದ ಮಾಲನ್ನೆಲ್ಲ ಒಪ್ಪಿದ.

“ನಾಳಿಂದ ಮಾಲು ನೀನ ತೋರ್ಸು,” ಎಂದರು ಮಾಲಕರು.

ಚಾಚಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಮಗನ, ಐ ಅಕ್ಷರಾನ ಪೂರಾ ಖರ್ಚು ಮಾಡಿದಿಯಲ್ಲೋ! ನಾಳಿ ಜೆ ಸುರು ಮಾಡೂಣು.”

ಅವತ್ತು ಕಾರ್ಖಾನೆಗೆಲ್ಲ ಅವರೇ ಚಹಾ ಕುಡಿಸಿದರು.

ಚಾಚಾ ತೀರಿಕೊಂಡು ಆರು ವರ್ಷವಾಯಿತು. ಡಬ್ಲ್ಯೂ ಅರ್ಧಕ್ಕಿತ್ತು... ಉಳಿದದ್ದು ನಾನೊಬ್ಬನೇ ಮುಗಿಸಿದೆ. ಈಗ ನನ್ನವೇ ಪಾಲಿಶ್ ಯಂತ್ರ ಎರಡು. ಕೆಲಸದವರು ಒಂಬತ್ತು ಮಂದಿ. ಬರೆದಿಟ್ಟ ನೋಟ್‌ಬುಕ್ ಹದಿನಾಲ್ಕು. ಬಾಯಿಪಾಠ ಇರುವ ಶಬ್ದ ಎರಡು ಸಾವಿರದ ಎಂಟುನೂರು. ತಪ್ಪಿದರೆ ಬೈಯುವವರು, ಯಾರೂ ಇಲ್ಲ.