ಅಕ್ಕನ ಕೋಣೆಗೆ ವೈಫೈ

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳ ಮಟ್ಟಿಗೆ ಫೋನ್ ಅಂದರೆ ವಿಡಿಯೊ ಕಾಲ್. ಅವಳಿರುವುದು ಹುಕ್ಕೇರಿಯಲ್ಲಿ, ನಾವೆಲ್ಲ ಬೆಳೆದ, ಈಗ ಅಣ್ಣನ ಸಂಸಾರವಿರುವ ಮನೆಯಲ್ಲಿ. ಚಿಕ್ಕಂದಿನಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಗೆಳತಿ ಈಗ ಮೂಡಲಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಇಬ್ಬರೂ ದಿನಾ ಮಧ್ಯಾಹ್ನ ಊಟವಾದ ಮೇಲೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು.

ಮಾತಾಡಲು ಅಕ್ಕ ಮುಂದಿನ ಪಡಸಾಲೆಗೇ ಬರಬೇಕಿತ್ತು. ರೌಟರ್ ಇದ್ದದ್ದು ಅಲ್ಲಿ, ಅಣ್ಣನ ಕಬ್ಬಿಣ ಸಾಮಾನಿನ ಅಂಗಡಿಗೆ ಹತ್ತಿಕೊಂಡ ಗೋಡೆಯ ಮೇಲೆ. ಅಕ್ಕ ಮಲಗುವ, ಹೊಲಿಗೆ ಮಷೀನು ಇಟ್ಟುಕೊಂಡ ಕೋಣೆ ಅಡುಗೆಮನೆಯ ಹಿಂದೆ. ನಡುವಿನ ಕಲ್ಲಿನ ಗೋಡೆ ಎರಡು ಅಡಿ ದಪ್ಪ. ಅದನ್ನು ವೈಫೈ ದಾಟುವುದಿಲ್ಲ, ಸಿಮ್ಮಿನ ನೆಟ್‌ವರ್ಕೂ ಅಲ್ಲಿ ಅಷ್ಟಕ್ಕಷ್ಟೆ. ನಮಗೆ ದನಿ ತುಂಡಾಗಿ ಬಂದರೆ ಉಳಿದದ್ದನ್ನು ಊಹಿಸಿಕೊಳ್ಳುತ್ತೇವೆ. ಎತ್ತಿದ ಕೈ ಎತ್ತಿದಲ್ಲೇ ನಿಂತುಬಿಟ್ಟರೆ ಅವಳು ಏನೆಂದು ಊಹಿಸಿಕೊಳ್ಳಬೇಕು? ಹಾಗಾಗಿ ಪಡಸಾಲೆಯ ಬಾಕಿನ ಮೇಲೆ, ಹೋಗುವವರು ಬರುವವರ ಎದುರಿಗೇ ಅವಳ ಮಾತುಕತೆ.

ಆ ಮನೆಯಲ್ಲಿ ಊಟ, ನೀರು, ಬಾ, ಬೇಡ ಎಂಬಷ್ಟು ಸನ್ನೆ ಎಲ್ಲರಿಗೂ ಬರುತ್ತದೆ. ಶಾಲೆಯಲ್ಲಿ ಅವಳು ಕಲಿತ ಪೂರ್ತಿ ಭಾಷೆ ಬರುವುದು ನನಗೊಬ್ಬನಿಗೆ. ಶಾಲೆಯ ರಜೆಯಲ್ಲಿ ಮನೆಗೆ ಬಂದಾಗ ಅವಳೇ ಕಲಿಸಿದ್ದಳು. ನಾನು ಗೋಕಾಕದಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವನು. ಒಂದು ಬಿಟ್ಟು ಒಂದು ರವಿವಾರ ಹುಕ್ಕೇರಿಗೆ ಹೋಗುತ್ತೇನೆ. ಹೋದಾಗಲೆಲ್ಲ ಅಕ್ಕನ ಮಾತು ಮನೆಯವರಿಗೆ, ಮನೆಯವರ ಮಾತು ಅಕ್ಕನಿಗೆ ಮುಟ್ಟಿಸುವುದು ನನ್ನ ಕೆಲಸ. ಅದು ಉಪಕಾರ ಎಂದೇ ತಿಳಿದಿದ್ದೆ.

ಅಂಥ ಒಂದು ರವಿವಾರ ಅಕ್ಕ ಬಾಕಿನ ಮೇಲೆ ಕುಳಿತು ಜೋರಾಗಿ ಕೈಯಾಡಿಸುತ್ತಿದ್ದಳು. ಅಣ್ಣನ ಹೆಂಡತಿ, ನಮ್ಮ ವೈನಿ, ಶೇಂಗಾ ಒಡೆಯುತ್ತ, "ಏನ್ರಿ ಮಾಸ್ತರ, ಇವತ್ತ ಭಾಳ ನಡದೈತಿ ಮಾತು?" ಎಂದು ಕೇಳಿದಳು. ನಾನು ಫೋನಿನ ಕಡೆ ಕಣ್ಣು ಹಾಯಿಸಿ ಹೇಳಿಬಿಟ್ಟೆ. ಗೆಳತಿ ಮೂಡಲಗಿಗೆ ಕರೆಯುತ್ತಿದ್ದಾಳೆ, ಕೆಲಸ ಕೈಮೀರಿದೆ, ಇಬ್ಬರೂ ಕೂಡಿ ಅಂಗಡಿ ನಡೆಸೋಣ ಅನ್ನುತ್ತಿದ್ದಾಳೆ, ಅಕ್ಕ ವಿಚಾರ ಮಾಡುತ್ತೇನೆ ಅಂದಿದ್ದಾಳೆ.

ಅಣ್ಣ ಅಂಗಡಿಯಿಂದ ಎದ್ದು ಬಂದ. "ಇಲ್ಲೇನ್ ಕಮ್ಮಿ ಆಗೇತಿ ಆಕಿಗೆ? ನಾಳೆ ಮಂದಿ ಏನಂತಾರ, ತಂಗೀನ್ನ ಮನೀ ಬಿಟ್ಟ ಕಳಿಸಿದ ಅಂತಾರ."

ರೂಢಿಯಂತೆ ಅದನ್ನೂ ಅಕ್ಕನಿಗೆ ಮುಟ್ಟಿಸಿದೆ. ಅವಳು ಫೋನು ಮಗುಚಿಟ್ಟಳು. ನನ್ನನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಹೋದಳು.

ವೈನಿಯೇ ಅಷ್ಟಿಷ್ಟು ಅರ್ಥಮಾಡಿಕೊಂಡಿದ್ದಳು, ನಾನು ಹೌದೆಂದೆ ಅಷ್ಟೇ ಎಂದು ನೆನಪಿಸಿಕೊಳ್ಳಲು ಆಮೇಲೆ ಪ್ರಯತ್ನಪಟ್ಟಿದ್ದೇನೆ. ಆಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದಂದಿನಿಂದ ನನ್ನ ನೆನಪುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಪ್ರತಿ ಸಲ ನೆನೆದಾಗಲೂ ನಾವು ಅದನ್ನು ಸ್ವಲ್ಪ ತಿದ್ದುತ್ತೇವೆ ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ಒಂದನ್ನು ತಿದ್ದಲು ಬರಲಿಲ್ಲ.

ಆ ದಿನದಿಂದ ಅಕ್ಕ ಪಡಸಾಲೆಯಲ್ಲಿ ಫೋನು ಹಿಡಿಯಲಿಲ್ಲ. ಮುಂದಿನ ಸಲ ಹೋದಾಗ ನನ್ನನ್ನು ರೌಟರಿನ ಕೆಳಗೆ ನಿಲ್ಲಿಸಿ ಅದನ್ನು ತೋರಿಸಿದಳು. ಇಂಥದ್ದೊಂದು ನನ್ನ ಕೋಣೆಯೊಳಗೆ ಬೇಕು, ಎಂದಳು. ಬೇರೆ ಏನೂ ಹೇಳಲಿಲ್ಲ. ಅಣ್ಣನಿಗೆ ನಾನು, ಬೆಳಿಗ್ಗೆ ಸಂಜೆ ಅವಳು ಹೊಲಿಗೆಯ ವಿಡಿಯೊ ನೋಡಬಹುದು ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಹೊಸದು ಕೊಳ್ಳುವ ಅಗತ್ಯವಿರಲಿಲ್ಲ. ಗೋಕಾಕದ ಮನೆಯಲ್ಲಿ ಕನೆಕ್ಷನ್ ಬದಲಿಸಿದಾಗ ಉಳಿದ ಹಳೆಯ ರೌಟರ್ ಒಂದಿತ್ತು. ಅದನ್ನು ಬರೀ ಸಿಗ್ನಲ್ ಹರಡುವ ಪೆಟ್ಟಿಗೆಯನ್ನಾಗಿ ಮಾಡಬಹುದು. ಮನೆಯ ರೌಟರಿನಿಂದ ಒಂದು ವೈರ್ ತಂದು ಇದಕ್ಕೆ ಚುಚ್ಚಿ, ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರಾಯಿತು. ಒಂದೇ ಎಚ್ಚರಿಕೆ. ಮನೆಯ ಪ್ರತಿ ಫೋನಿಗೂ ಒಂದು ನಂಬರು ಕೊಟ್ಟು, ಹೊರಗೆ ಹೋಗುವ ದಾರಿ ಇದು ಎಂದು ತೋರಿಸುವ ಕೆಲಸ ರೌಟರಿನದು. ಆ ಕೆಲಸವನ್ನು ಎರಡನೆಯ ಪೆಟ್ಟಿಗೆಯಲ್ಲಿ ಬಂದ್ ಮಾಡಬೇಕು. ಇಲ್ಲದಿದ್ದರೆ ಎರಡೂ ದಾರಿ ತೋರಿಸಲು ನಿಲ್ಲುತ್ತವೆ, ಹಳೆಯದು ತೋರಿಸುವ ದಾರಿ ಎಲ್ಲಿಗೂ ಹೋಗುವುದಿಲ್ಲ. ಗೋಕಾಕದಲ್ಲೇ ಕುಳಿತು ಅದನ್ನು ಬಂದ್ ಮಾಡಿ, ಮೂವತ್ತು ಮೀಟರ್ ವೈರಿನ ಎರಡೂ ತುದಿಗೆ ಪಿನ್ ಹಾಕಿಸಿಕೊಂಡು ಬಸ್ ಹತ್ತಿದೆ.

ಅಣ್ಣ ಅಂಗಡಿಯಿಂದ ಡ್ರಿಲ್ ಮಷೀನು ತಂದ. ಕೊರೆಯುವ ಜರೂರು ಇಲ್ಲ, ಈ ಗೋಡೆಯಲ್ಲಿ ಮೊದಲೇ ತೂತಿದೆ ಎಂದೆ. ನನಗೆ ಚೆನ್ನಾಗಿ ನೆನಪಿತ್ತು. ನಾವು ಚಿಕ್ಕವರಿದ್ದಾಗ ಅಡುಗೆಮನೆಯ ಕಡೆಯಿಂದ ಆ ತೂತಿನಲ್ಲಿ ಒಂದು ಹುರಿ ಹೋಗುತ್ತಿತ್ತು, ಅದರ ಇನ್ನೊಂದು ತುದಿ ಅಕ್ಕನ ಕೈಗೆ ಕಟ್ಟಿರುತ್ತಿತ್ತು. ಕೂಗಿದರೆ ಕೇಳದಲ್ಲ, ಅದಕ್ಕೆ ಅವ್ವ ಹುರಿ ಎಳೆದು ಕರೆಯುತ್ತಿದ್ದಳು. ನಾನೂ ಎಳೆಯುತ್ತಿದ್ದೆ. ಅಕ್ಕ ಆಚೆಯಿಂದ ಎಳೆಯುತ್ತಿದ್ದಳು. ನನ್ನ ನೆನಪಿನಲ್ಲಿ ಅದೊಂದು ಆಟ, ಇಬ್ಬರೂ ನಗುತ್ತಿದ್ದೆವು.

"ಎಲ್ಲಿ ತೂತೊ ಮಾರಾಯಾ? ಕನಸ ಕಂಡಿರಬೇಕ ನೀ," ಎಂದ ಅಣ್ಣ. "ಅಲ್ಲಿ ಎಮ್ಮಿ ಹಗ್ಗ ಸಿಗಿಸೊ ಗೂಟ ಇತ್ತು."

ನಾನು ಸುತ್ತಿಗೆಯ ಹಿಡಿಯಿಂದ ಗೋಡೆ ಬಡಿಯುತ್ತ ಹೋದೆ. ಎಲ್ಲ ಕಡೆ ಒಂದೇ ಸಪ್ಪಳ. ಅಣ್ಣನೇ ಸರಿಯಿರಬಹುದು ಅನ್ನಿಸತೊಡಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಬಂದು, ನಾನು ಬಡಿಯುತ್ತಿದ್ದ ಜಾಗಕ್ಕಿಂತ ಒಂದು ಗೇಣು ಎಡಕ್ಕೆ ಅಂಗೈ ಇಟ್ಟಳು. ಕೈಯಾಡಿಸಿದಾಗ ಗಾರೆ ಅಲ್ಲಿ ಸ್ವಲ್ಪ ಉಬ್ಬಿದ್ದು ತಿಳಿಯಿತು. ಗೆದ್ದವನಂತೆ ಅಣ್ಣನ ಕಡೆ ನೋಡಿ ಉಳಿ ಎತ್ತಿಕೊಂಡೆ. ಅಕ್ಕ ಗೋಡೆಗೆ ಅಡ್ಡ ನಿಂತಳು.

ಇದನ್ನು ಮುಚ್ಚಿದವಳು ನಾನೇ, ಎಂದಳು. ಹನ್ನೆರಡು ವರ್ಷದವಳಿದ್ದಾಗ, ಕಲ್ಲಿನ ಚೂರು ತುರುಕಿ, ಮೇಲೆ ಕೆಸರು ಮೆತ್ತಿದೆ. ಅವ್ವ ಎಳೆದರೆ ಕೆಲಸವಿರುತ್ತಿತ್ತು, ಬರುತ್ತಿದ್ದೆ. ನೀನು ಸುಮ್ಮಸುಮ್ಮನೆ ಎಳೆಯುತ್ತಿದ್ದೆ. ನಾನು ಓಡಿ ಬಂದರೆ ಯಾರೂ ಕರೆದಿರುತ್ತಿರಲಿಲ್ಲ, ನೀನು ನಗುತ್ತಿದ್ದೆ. ಇದನ್ನು ತೆಗೆಯಬೇಡ.

ನೀನೂ ಎಳೆಯುತ್ತಿದ್ದೆಯಲ್ಲ ಎಂದು ಕೇಳಿದೆ. ಬಿಡಿಸಿಕೊಳ್ಳಲು, ಎಂದಳು.

ಯಾರ ನೆನಪು ಸರಿ ಎಂದು ತೀರ್ಮಾನಿಸಲು ನನ್ನ ಬಳಿ ಸಾಧನವಿರಲಿಲ್ಲ. ಆದರೆ ತೂತಿನ ಜಾಗ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

"ಏನಂತಾಳ?" ಅಣ್ಣ ಕೇಳಿದ.

"ಮ್ಯಾಲಿಂದ ತರೂಣು ಅಂತಾಳ," ಎಂದೆ. ಅವಳು ಹೇಳಿದ್ದನ್ನು ಪೂರ್ತಿ ಮುಟ್ಟಿಸದೆ ಇದ್ದದ್ದು ಅದೇ ಮೊದಲ ಸಲ ಇರಬೇಕು.

ಮೇಲಿಂದ ತರುವುದು ದೊಡ್ಡ ಕೆಲಸವಾಯಿತು. ಪಡಸಾಲೆಯ ಕಿಟಕಿಯಿಂದ ವೈರನ್ನು ಹೊರಗೆ ಹಾಕಿ, ಗೋಡೆಗುಂಟ ಮಾಳಿಗೆಗೆ ಹತ್ತಿಸಿ, ಬಿಸಿಲಿಗೆ ಹಾಳಾಗದಂತೆ ಪೈಪಿನೊಳಗೆ ತೂರಿಸಿ, ಅಕ್ಕನ ಕೋಣೆಯ ಬೆಳಕಿಂಡಿಯಿಂದ ಇಳಿಬಿಟ್ಟೆವು. ಪೈಪು, ಕ್ಲಿಪ್ಪು ಎಲ್ಲ ಅಣ್ಣನ ಅಂಗಡಿಯದೇ. ಅವನು ಗೊಣಗುತ್ತಲೇ ಮಾಡಿದ, ಆದರೆ ನನಗಿಂತ ನೀಟಾಗಿ ಮಾಡಿದ. ವೈರು ಹೊಲಿಗೆ ಮಷೀನಿನವರೆಗೆ ಬರಲಿಲ್ಲ. ಪೆಟ್ಟಿಗೆಯನ್ನು ಮೇಲೆಯೇ ಮೊಳೆಗೆ ನೇತುಹಾಕಿದೆವು.

ಕರೆಂಟು ಕೊಟ್ಟೆ. ಅಕ್ಕನ ಫೋನಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ಬಂದವು. ಗೆಳತಿಗೆ ಕಾಲ್ ಹಚ್ಚಿದಳು, ಹೋಗಲಿಲ್ಲ. ಮತ್ತೆ ಹಚ್ಚಿದಳು. ಅಷ್ಟರಲ್ಲಿ ಅಂಗಡಿಯಿಂದ ಅಣ್ಣ ಕೂಗಿದ, ಬಿಲ್ ಮಾಡುವ ಕಂಪ್ಯೂಟರೂ ನಿಂತಿದೆ, ಗಿರಾಕಿ ಕಾಯುತ್ತಿದ್ದಾನೆ. "ಇದ್ದದ್ದನ್ನೂ ಕೆಡಿಸಿದಿ ನೋಡ. ಆಕಿಗೂ ಇಲ್ಲ, ನನಗೂ ಇಲ್ಲ. ತಗದ ಒಗಿ ಅದನ್ನ."

ಎರಡು ಪೆಟ್ಟಿಗೆಗಳೂ ದಾರಿ ತೋರಿಸಲು ನಿಂತಿರುವ ಲಕ್ಷಣ ಅದು. ಆದರೆ ಗೋಕಾಕದಲ್ಲಿ ನಾನೇ ಬಂದ್ ಮಾಡಿದ್ದೆನಲ್ಲ. ಆ ಕೆಲಸದ ಮುಂದಿದ್ದ ಟಿಕ್ ಗುರುತನ್ನು ತೆಗೆದದ್ದು, ಪರದೆಯ ಮೇಲೆ ಖಾಲಿ ಚೌಕ ಕಂಡದ್ದು ಕಣ್ಣಿಗೆ ಕಟ್ಟಿದಂತಿತ್ತು. ಹಾಗಾಗಿ ಅರ್ಧ ತಾಸು ವೈರನ್ನು, ಪಿನ್ನನ್ನು ಅನುಮಾನಿಸುತ್ತ ಕಳೆದೆ. ಅಕ್ಕ ಮಂಚದ ಮೇಲೆ ಕುಳಿತು ಒಮ್ಮೆ ಫೋನನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಅಣ್ಣ ಹೇಳಿದ ಕೊನೆಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಮುಖ ನೋಡಿಯೇ ತಿಳಿದಿದ್ದಳು. ಕೊನೆಗೆ ವೈರು ಕಿತ್ತು, ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿ ತೆರೆದು ನೋಡಿದೆ. ಗುರುತು ಇದ್ದಲ್ಲೇ ಇತ್ತು. ತೆಗೆದಿದ್ದೆ, ಸೇವ್ ಮಾಡಿರಲಿಲ್ಲ. ಅಥವಾ ತೆಗೆಯಬೇಕೆಂದುಕೊಂಡದ್ದನ್ನೇ ತೆಗೆದೆ ಎಂದು ನೆನಪಿಟ್ಟುಕೊಂಡಿದ್ದೆ.

ತೆಗೆದೆ, ಸೇವ್ ಮಾಡಿದೆ, ಪೆಟ್ಟಿಗೆಯನ್ನು ಬಂದ್ ಮಾಡಿ ಚಾಲೂ ಮಾಡಿ ಮತ್ತೊಮ್ಮೆ ತೆರೆದು ನೋಡಿದೆ. ಮನೆಯ ರೌಟರಿಗೂ ಇದಕ್ಕೂ ಒಂದೇ ನಂಬರಿತ್ತು, ಅದನ್ನೂ ಬದಲಿಸಿದೆ. ವೈರು ಚುಚ್ಚಿದ ಮೇಲೆ ಅಣ್ಣನ ಕಂಪ್ಯೂಟರನ್ನೂ ಅಕ್ಕನ ಫೋನನ್ನೂ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿಸಿದೆ. ಎರಡು ನಿಮಿಷದಲ್ಲಿ ಮೂಡಲಗಿಯ ಗೆಳತಿ, ಕೊರಳಲ್ಲಿ ಟೇಪು, ಹಿಂದೆ ನೇತಾಡುವ ಬ್ಲೌಸುಗಳ ಸಮೇತ ಪರದೆಯ ಮೇಲೆ ಬಂದಳು. ಚಿತ್ರ ಎಲ್ಲೂ ನಿಲ್ಲಲಿಲ್ಲ. ಅವಳು ಏನೋ ಕೇಳಿದಳು, ಅಕ್ಕ ತಡೆ ಎಂದು ಕೈ ತೋರಿಸಿದಳು. ನನ್ನ ಹೆಗಲು ಹಿಡಿದು ಹೊಸ್ತಿಲ ಆಚೆ ಬಿಟ್ಟು ಬಾಗಿಲು ಹಾಕಿಕೊಂಡಳು.

ಅಡುಗೆಮನೆಯಲ್ಲಿ ವೈನಿ, ಇನ್ನು ಮೇಲೆ ಇವರು ಏನು ಮಾತಾಡುತ್ತಾರೋ ನಮಗೆ ಹೇಗೆ ತಿಳಿಯಬೇಕು ಎಂದಳು. "ಕದಾ ಬಡದರೂ ಕೇಳಂಗಿಲ್ಲ ಆಕಿಗೆ," ಎಂದು ಅಣ್ಣ ನಕ್ಕ, ಆಮೇಲೆ ನಗು ನಿಲ್ಲಿಸಿದ.

ಸುಮಾರು ಒಂದು ತಿಂಗಳಾದ ಮೇಲೆ ಅಣ್ಣ ಗೋಕಾಕಕ್ಕೆ ಫೋನು ಮಾಡಿದ. ಅಕ್ಕ ಬೆಳಿಗ್ಗೆ ಪಡಸಾಲೆಗೆ ಬಂದು, ಎಲ್ಲರಿಗೂ ತಿಳಿಯುವ ಮನೆಯ ಸನ್ನೆಯಲ್ಲೇ, ನಿಧಾನವಾಗಿ ಹೇಳಿದಳಂತೆ: ಮೂಡಲಗಿಗೆ ಹೋಗುತ್ತೇನೆ, ಹೊಲಿಯುತ್ತೇನೆ, ಹಬ್ಬಕ್ಕೆ ಬರುತ್ತೇನೆ. ಅಣ್ಣ ಬೇಡವೆಂದದ್ದಕ್ಕೆ ಅದನ್ನೇ ಮತ್ತೊಮ್ಮೆ ಹೇಳಿದಳಂತೆ.

"ಖರೆ ಹೇಳ, ನಿನಗ ಮೊದಲ ಗೊತ್ತಿತ್ತೊ ಇಲ್ಲೊ?"

"ಇಲ್ಲ ಅಣ್ಣಾ. ನಾ ಏನೂ ನೋಡಿಲ್ಲ."

"ಆಕಿ ಮಾತ ನಿನಗ ಬಿಟ್ಟ ಯಾರಿಗ ಗೊತ್ತಿರತೈತಿ?" ಎಂದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ, ಬಸ್ಸು ಹತ್ತಿಸಿ ಕಳಿಸುತ್ತೇನೆ, ಗೋಕಾಕದಲ್ಲಿ ನೋಡಿಕೋ ಎಂದ.

ಸ್ಟ್ಯಾಂಡಿನಲ್ಲಿ ಅವಳನ್ನು ಇಳಿಸಿಕೊಂಡೆ. ಒಂದು ಬ್ಯಾಗು, ಗೋಣಿಚೀಲದಲ್ಲಿ ಸುತ್ತಿದ ಹೊಲಿಗೆ ಮಷೀನಿನ ತಲೆ. ಅದನ್ನು ಹೊತ್ತುಕೊಂಡು ಮೂಡಲಗಿ ಬಸ್ಸಿನ ಕಡೆ ಹೋಗುವಾಗ ಮಾತಾಡಲು ಕೈ ಖಾಲಿಯಿರಲಿಲ್ಲ. ಸೀಟಿನ ಕೆಳಗೆ ಇಟ್ಟಾದ ಮೇಲೆ, ಇಷ್ಟು ದಿನ ಬಾಗಿಲು ಹಾಕಿಕೊಂಡು ಏನೇನು ಮಾತಾಡಿದಿರಿ ಎಂದು ಕೇಳಿದೆ. ಅಕ್ಕ ಒಂದು ಕ್ಷಣ ಯೋಚಿಸಿದಳು. ಬಹಳ, ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಬಸ್ಸು ಹೊರಡುತ್ತದೆ, ಇಳಿ ಎಂದು ಕೈ ಮಾಡಿದಳು.