ಕಂಕುಳಿನ ಫೋಟೋ

ಗಂಡ ತೀರಿಕೊಂಡ ವರ್ಷ ಹೊಲಿಗೆ ಕಾರ್ಖಾನೆಗೆ ಸೇರಿದವಳು, ಇಪ್ಪತ್ತೆರಡು ವರ್ಷದಿಂದ ಹೊಲಿದದ್ದು ತೋಳು ಮಾತ್ರ. ಕಾಲರಿಗೆ ಒಬ್ಬಳು, ಜೇಬಿಗೆ ಒಬ್ಬಳು, ಗುಂಡಿಗೆ ಮತ್ತೊಬ್ಬಳು. ಅಂಗಿಗೆ ತೋಳು ಕೂಡಿಸುವವಳು ಇವಳು. ಹಾಗಾಗಿ ಎಲ್ಲರಿಗೂ ತೋಳಕ್ಕ.

ಈ ಸಲ ಪೊಲೀಸರಿಗೆ ಹೊಲಿದ ಅಂಗಿಗಳು ಕಂಕುಳಲ್ಲಿ ಹರಿಯುತ್ತಿವೆ ಎಂದು ದೂರು ಬಂತು. ಕಟಿಂಗ್ ಮಾಸ್ತರು ಕತ್ತರಿ ಕೆಳಗಿಡದೆಯೇ, "ಹೊಲಿಗೆ ಸಡಿಲ. ಮುದುಕಿಗೆ ಕಣ್ಣು ಮಂಜಾಗಿದೆ" ಎಂದುಬಿಟ್ಟ. ತಪ್ಪು ತನ್ನದಲ್ಲವೆಂದು ಸೋಮವಾರದೊಳಗೆ ತೋರಿಸಬೇಕು, ಇಲ್ಲವೇ ಮಿಷನ್ ಬಿಟ್ಟು ಏಳಬೇಕು ಎಂದರು ಮಾಲೀಕರು.

ಹರಿದ ಅಂಗಿ ಒಂದೂ ವಾಪಸು ಬಂದಿರಲಿಲ್ಲ. ಶನಿವಾರ ತೋಳಕ್ಕ ಸೊಸೆಯ ಫೋನು ಇಸಿದುಕೊಂಡು ಚೌಕಕ್ಕೆ ಹೋದಳು. ಗಾಡಿಗಳನ್ನು ತಡೆಯಲು ಪೊಲೀಸಪ್ಪ ಕೈ ಎತ್ತಿದಾಗಲೆಲ್ಲ ಒಂದೊಂದು ಫೋಟೋ. ಏಳು ಫೋಟೋ ಆಗಿದ್ದವು, ಅಷ್ಟರಲ್ಲಿ ಮಹಿಳಾ ಪೇದೆಯೊಬ್ಬಳು ಬಂದು ರಟ್ಟೆ ಹಿಡಿದಳು.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಫೋನನ್ನು ಮೇಜಿನ ಮೇಲಿಟ್ಟರು.

"ಪೊಲೀಸರ ಫೋಟೋ ಯಾಕಮ್ಮ ತೆಗೀತಿದ್ದೆ? ಯಾರು ಕಳ್ಸಿದ್ದು?"

"ಯಾರೂ ಕಳ್ಸಿಲ್ಲ ಸಾರ್. ಮುಖ ತೆಗ್ದೇ ಇಲ್ಲ, ನೋಡಿ. ಬರೀ ಕಂಕುಳು."

ಬಾಗಿಲ ಬಳಿ ನಿಂತಿದ್ದ ಪೇದೆ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

"ತಮಾಷೆ ಮಾಡ್ತಿದ್ದೀಯಾ? ಎಲ್ಲಾ ಅಳಿಸು!"

ತೋಳಕ್ಕ ಫೋನಿಗೆ ಕೈ ಅಡ್ಡ ಹಿಡಿದಳು. "ಅಳಿಸಿದ್ರೆ ನಾಡಿದ್ದು ನನ್ನ ಕೆಲಸ ಹೋಗತ್ತೆ ಸಾರ್. ಈ ಅಂಗಿಗೆ ತೋಳು ಹಚ್ಚಿದೋಳು ನಾನು. ದೊಡ್ಡದು ಮಾಡಿ ನೋಡಿ, ಹೊಲಿಗೆ ಒಂದೆಳೆ ಬಿಟ್ಟಿಲ್ಲ. ಪಕ್ಕದ ಬಟ್ಟೆ ಹರಿದಿದೆ. ಕತ್ತರಿಸಿದೋನು ಅಲ್ಲಿ ಬಿಗಿ ಮಾಡಿದಾನೆ. ನೀವು ಹಾಕಿರೋದೂ ಅದೇ ಅಂಗಿ. ಒಂದ್ಸಲ ಕೈ ಎತ್ತಿ."

ಇನ್‌ಸ್ಪೆಕ್ಟರು ಎತ್ತಲಿಲ್ಲ.

"ಎತ್ತಿ ಸಾರ್," ಎಂದಳು ಪೇದೆ. "ಒಂದು ತಿಂಗಳಿಂದ ಮೇಲಿನ ಗೂಡಿನ ಫೈಲೆಲ್ಲ ನನ್ನ ಕೈಲೇ ತೆಗೆಸ್ತಿದ್ದೀರಿ."

ಅವರು ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು ನಿಧಾನವಾಗಿ ಕೈ ಎತ್ತಿದರು. ಹರಿದ ಕಂಕುಳಿಂದ ಬನಿಯನ್ ಇಣುಕಿತು. ತೋಳಕ್ಕ ಎದ್ದು ಹೋಗಿ ಹರಿದ ಅಂಚನ್ನು ಬೆರಳಲ್ಲಿ ಸವರಿದಳು.

"ನನ್ನ ಹೊಲಿಗೇನೇ. ಭದ್ರವಾಗಿದೆ."

"ಅದು ಭದ್ರ. ಹೋಗಿದ್ದು ನನ್ನ ಮಾನ!" ಇನ್‌ಸ್ಪೆಕ್ಟರು ನಗುತ್ತ ಫೋನನ್ನು ಅವಳ ಕಡೆ ತಳ್ಳಿದರು. "ಇದನ್ನೂ ತಕ್ಕೊಳ್ಳಮ್ಮ, ಹತ್ರದಿಂದ. ಮುಖ ಬೇಡ."

ಸೋಮವಾರ ಮಾಲೀಕರು ಎಂಟು ಫೋಟೋಗಳನ್ನೂ ನೋಡಿ ಕಟಿಂಗ್ ಮಾಸ್ತರನ್ನು ಒಳಗೆ ಕರೆದರು. ಅವನಿಗೆ ಏನು ಬಿತ್ತೆಂದು ತೋಳಕ್ಕ ನಿಂತು ಕೇಳಲಿಲ್ಲ. ತನ್ನ ಮಿಷನ್ನಿನ ಮುಂದೆ ಕೂತು, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು.